ಅಜ್ಜಿಯ ಕಾರಿಗೊಂದು ಆಕಾಶ

ನಮ್ಮಜ್ಜಿಯ ಕಾರಿನೊಳಗೆ ಆಕಾಶ ಕುಸಿದು ಬಹಳ ದಿನವಾಗಿತ್ತು. ಚಾವಣಿಗೆ ಒಳಗಿನಿಂದ ಅಂಟಿಸಿದ್ದ ಬೂದಿಬಣ್ಣದ ಬಟ್ಟೆ ಮೊದಲು ಹಿಂದಿನ ಗಾಜಿನ ಹತ್ತಿರ ಒಂದು ಗುಳ್ಳೆಯಷ್ಟು ಎದ್ದಿತು. ನೋಡನೋಡುತ್ತ ಗುಳ್ಳೆ ಹೊಟ್ಟೆಯಾಯಿತು. ಅಜ್ಜಿ ಸಿಕ್ಕಲ್ಲೆಲ್ಲ ಗುಂಡುಸೂಜಿ ಚುಚ್ಚಿ ಅದನ್ನು ಮೇಲಕ್ಕೆ ಸಿಕ್ಕಿಸಿದಳು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಒಂದೆರಡು ಸೂಜಿ ನಮ್ಮ ಮಡಿಲಿಗೆ ಉದುರುತ್ತಿದ್ದವು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದೆ ಅಜ್ಜಿ, "ಹಿಂದೆ ಯಾರಾದ್ರೂ ಬರ್ತಿದಾರೇನೇ?" ಎಂದು ನನ್ನನ್ನು ಕೇಳಿಯೇ ಗಾಡಿ ತಿರುಗಿಸುತ್ತಿದ್ದಳು.

ಅಜ್ಜಿಯ ಹತ್ತಿರ ಎಲ್ಲದಕ್ಕೂ ಕಥೆ ಇರುತ್ತಿತ್ತು, ಇದಕ್ಕೂ ಇತ್ತು. ಆಕಾಶ ಹೊಲಿಯುವ ಕೆಲಸ ಒಬ್ಬ ದರ್ಜಿ ಹೆಂಗಸಿಗೆ ಸಿಕ್ಕಿತ್ತಂತೆ. ಒಂದೆಳೆ ನೂಲನ್ನೂ ಹಾಳು ಮಾಡದ ಜಂಬದವಳು. ಭೂಮಿಯನ್ನು ಅಳೆದು ಅಷ್ಟಕ್ಕೆ ಅಷ್ಟೇ ಬಟ್ಟೆ ಕತ್ತರಿಸಿದಳಂತೆ. ಹೊದಿಸುವಾಗ ನೋಡಿದರೆ ಅಂಚಿಗೆ ಸಾಲದು. ಯಾರಿಗೂ ತಿಳಿಯಬಾರದೆಂದು ಸುತ್ತಲೂ ಮಣ್ಣು ಎತ್ತಿ ಎತ್ತಿ ಬಟ್ಟೆಗೆ ಮುಟ್ಟಿಸಿದಳು. "ಬೆಟ್ಟ ಅಂದ್ರೆ ಏನಂದ್ಕೊಂಡಿದೀಯ, ಅದೆಲ್ಲ ಅವಳು ತಪ್ಪು ಮುಚ್ಚಿಟ್ಟಿದ್ದು" ಎಂದು ಅಜ್ಜಿ ಸ್ಟೇರಿಂಗ್ ತಟ್ಟಿ ನಗುತ್ತಿದ್ದಳು. ನಾನು ಆ ಕಥೆ ಕೇಳಿದ ಮೇಲೆ ಬೆಟ್ಟ ಕಂಡಲ್ಲೆಲ್ಲ ಹೊಲಿಗೆ ಹುಡುಕಿದವಳು. ಅಜ್ಜಿಯ ಕಿರಿಮಗಳು, ನನ್ನ ಚಿಕ್ಕಮ್ಮನೂ ಅದನ್ನೇ ಕೇಳಿ ಬೆಳೆದವಳು, ಆದರೆ ಅವಳ ಕಿವಿ ಕಥೆಯ ಕಡೆ ಇದ್ದರೆ ಕಣ್ಣು ಹೊಲಿಯುತ್ತಿದ್ದ ಅಂಗಿಯ ಕಾಜದ ಮೇಲೆ ಇರುತ್ತಿತ್ತು.

ಚಿಕ್ಕಮ್ಮ ದರ್ಜಿ. ನಮ್ಮ ಬೀದಿಯಲ್ಲಿ ಅವಳ ಕತ್ತರಿಗೆ ಹೆಸರಿತ್ತು. ದೊಡ್ಡವರ ಬಟ್ಟೆಗೆಂದು ಕೊಟ್ಟದ್ದರಲ್ಲಿ ಮಕ್ಕಳಿಗೊಂದು ಫ್ರಾಕು, ಅದರಲ್ಲಿ ಮಿಕ್ಕಿದ್ದಕ್ಕೆ ಒಂದು ಕರವಸ್ತ್ರ, ಅದರಲ್ಲೂ ಮಿಕ್ಕಿದ್ದಕ್ಕೆ ಗೊಂಬೆಗೊಂದು ಟೋಪಿ. ನನ್ನ ಗೊಂಬೆಗಳೆಲ್ಲ ಬೀದಿಯ ಹೆಂಗಸರ ಬಣ್ಣಗಳನ್ನೇ ತೊಟ್ಟಿದ್ದವು. ಆದರೆ ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಜಿಪ್ಪು ಬದಲಿಸುವುದು, ಅಂಚು ಮಡಿಚುವುದು. ಮೆಷಿನ್ನಿನ ಮುಂದೆ ಸುಮ್ಮನೆ ಕೂತು ಅವಳು ಬರಿಗಾಲಲ್ಲಿ ಪೆಡಲ್ ತುಳಿಯುವುದನ್ನು ನಾನು ನೋಡಿದ್ದೇನೆ. ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ.

ಅಂಥ ಒಂದು ದಿನ ಅವಳು ಎದ್ದು ಹೋಗಿ ಬಿಸಿಲಪ್ಪನವರಲ್ಲಿ ಕೆಲಸ ಕೇಳಿದಳು. ಬಿಸಿಲಪ್ಪ ಎಂದರೆ ಮುಖ್ಯರಸ್ತೆಯಲ್ಲಿ ವಾಹನಗಳಿಗೆ ಸೀಟು, ಹೊದಿಕೆ ಮಾಡುವ ಅಂಗಡಿಯ ಯಜಮಾನರು. ಯಾವ ಕೆಲಸವನ್ನೂ ಇಡೀ ದಿನ ಬಿಸಿಲಿಗೆ ನಿಲ್ಲಿಸಿ ನೋಡದೆ ಅವರು ಒಪ್ಪುತ್ತಿರಲಿಲ್ಲ. ಹಾಗಾಗಿ ಜನ ಇಟ್ಟ ಹೆಸರು ಅದು, ಅವರಿಗೂ ಇಷ್ಟವಾಗಿತ್ತು. ಅವರ ಹಳೆಯ ಕೆಲಸಗಾರ ಬಿಟ್ಟು ಹೋಗಿ ಜಾಗ ಖಾಲಿಯಿತ್ತು. ಚಿಕ್ಕಮ್ಮನನ್ನು ಅವರು ಒಳ್ಳೆಯ ಮಾತಿನಲ್ಲೇ ವಾಪಸು ಕಳಿಸಲು ನೋಡಿದರು.

"ನೋಡಮ್ಮ, ನೀನು ಇಷ್ಟು ದಿನ ಹೊಲಿದಿದ್ದು ಮೈಗೆ. ಬಟ್ಟೆ ಬಿಗಿಯಾದ್ರೆ ಮೈ ಉಸಿರು ಹಿಡ್ಕೊಂಡು ಜಾಗ ಕೊಡುತ್ತೆ. ಗಾಡಿ ಕೊಡಲ್ಲ."

ಚಿಕ್ಕಮ್ಮ ಬಾಗಿಲಲ್ಲೇ ನಿಂತಳು. ಮನೆಯಲ್ಲಿ ಒಂದು ಕಾರಿದೆ, ಅದರ ಚಾವಣಿ ಬಿದ್ದಿದೆ, ಮಾಡಿ ತರುತ್ತೇನೆ, ಆಮೇಲೆ ಹೇಳಿ ಎಂದಳು. ಭಾನುವಾರದೊಳಗೆ ತರುವುದಾದರೆ ಸರಿ, ಸೋಮವಾರ ಬೇರೆಯವನು ಬರುತ್ತಾನೆ ಎಂದರು ಅವರು.

ಮಾರನೇ ದಿನವೇ ನಮ್ಮ ಅಂಗಳದಲ್ಲಿ ಕಾರಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಗಳು, ಕೈಹಿಡಿಕೆಗಳು, ಒಳಗಿನ ದೀಪ ಒಂದೊಂದಾಗಿ ಬಿಚ್ಚಿ ಬಂದವು. ಯಾವ ಸ್ಕ್ರೂ ಎಲ್ಲಿಯದೆಂದು ಮರೆಯದಂತೆ ಚಿಕ್ಕಮ್ಮ ಅವನ್ನು ಗುಂಡಿಗಳಂತೆ ಒಂದು ಚಿಂದಿಗೆ ಸಾಲಾಗಿ ಚುಚ್ಚಿಟ್ಟಳು. ಕೊನೆಗೆ ಚಾವಣಿಯ ಹಲಗೆ, ಒತ್ತಿದ ರಟ್ಟಿನಂಥದ್ದು, ಹಿಂಬಾಗಿಲಿನಿಂದ ಹೊರಬಂತು. ಇಷ್ಟೇನಾ ನಮ್ಮ ಆಕಾಶ ಎಂದು ನನಗೆ ಅಯ್ಯೋ ಅನಿಸಿತು. ಅದು ಊಟದ ಮೇಜಿನ ಮೇಲೆ ಮಗುಚಿದ ದೋಣಿಯಂತೆ ಮಲಗಿತ್ತು.

ಹಳೆಯ ಬಟ್ಟೆಯನ್ನು ಎಳೆದರೆ ಸುಲಭವಾಗಿ ಬಂತು. ಅದರ ಬೆನ್ನಿಗಿದ್ದ ತೆಳು ಸ್ಪಂಜು ಮಾತ್ರ ಹಳದಿ ಪುಡಿಯಾಗಿ ಹಲಗೆಗೆ ಮೆತ್ತಿಕೊಂಡಿತ್ತು. ನಿಜವಾಗಿ ಸತ್ತದ್ದು ಬಟ್ಟೆಯಲ್ಲ, ಈ ಸ್ಪಂಜು ಎಂದು ಚಿಕ್ಕಮ್ಮ ಅದನ್ನು ಬೆರಳಲ್ಲಿ ಉಜ್ಜಿ ತೋರಿಸಿದಳು. ಇದರ ಮೇಲೆ ಏನು ಅಂಟಿಸಿದರೂ ನಿಲ್ಲದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್ಷಿನಿಂದ ಮಗುವಿನ ತಲೆ ಬಾಚುವಂತೆ ಉಜ್ಜಿದಳು. ಜೋರಾಗಿ ಉಜ್ಜಿದರೆ ರಟ್ಟು ಕಿತ್ತು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳ ಹುಬ್ಬು, ರೆಪ್ಪೆ, ತೋಳು ಎಲ್ಲ ಹಳದಿ. ಅವಳು ಚೆಲುವೆಯೆಂದು ನನಗೆ ಹೊಳೆದದ್ದು ಆವತ್ತು, ಹೂವಿನೊಳಗೆ ಹೊಕ್ಕು ಬಂದ ದುಂಬಿಯ ಹಾಗೆ ಅವಳು ನಿಂತಿದ್ದಾಗ.

ಆಮೇಲೆ ಹೊಸ ಬೂದಿಬಣ್ಣದ ಬಟ್ಟೆ ಹರಡಿ, ಹಲಗೆಯ ಉದ್ದ ಅಗಲ ಅಳೆದು, ಅಂಚು ಮಡಿಚಲು ಒಂದು ಬೆರಳಗಲ ಬಿಟ್ಟು ಕತ್ತರಿಸಿದಳು. ಹಲಗೆಗೂ ಬಟ್ಟೆಯ ಬೆನ್ನಿಗೂ ಅಂಟು ಸಿಂಪಡಿಸಿ, ಮುಟ್ಟಿದರೆ ಬೆರಳಿಗೆ ಮೆತ್ತದೆ ಕೊಂಚ ಹಿಡಿದೆಳೆಯುವಷ್ಟು ಒಣಗಲು ಬಿಟ್ಟು, ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ನೀವುತ್ತ ಹೋದಳು. ಅಂಚಿಗೆ ಬಂದಾಗ ಬಟ್ಟೆ ಕೊಂಚ ಬಿಗಿದದ್ದು ನನಗೂ ಕಂಡಿತು. ಅವಳು ಹಲ್ಲು ಕಚ್ಚಿ ಎಳೆದು ಮಡಿಚಿದಳು. ಮಿಕ್ಕದ್ದು ಒಂದು ಹಿಡಿ ಚೂರು. ಅದನ್ನು ಎತ್ತಿ ತೋರಿಸಿ, "ಬಿಸಿಲಪ್ಪನೋರ ಅಂಗಡೀಲಿ ಇಷ್ಟು ಕಡಿಮೆ ಚೂರು ಯಾರಾದ್ರೂ ಉಳಿಸಿರ್ತಾರಾ ಕೇಳು" ಎಂದಳು.

ಹಲಗೆಯನ್ನೂ ದೀಪವನ್ನೂ ಮತ್ತೆ ಕೂರಿಸಿ, ಶನಿವಾರ ನಾವೇ ಕಾರನ್ನು ಬಿಸಿಲಿಗೆ ನಿಲ್ಲಿಸಿದೆವು. ಮಧ್ಯಾಹ್ನ ಬಾಗಿಲು ತೆಗೆದಾಗ ಚಾವಣಿಯ ಬಟ್ಟೆ ದೀಪದ ಸುತ್ತ ಬಿಟ್ಟುಕೊಂಡಿತ್ತು. ದೀಪ ಕೂರುವಲ್ಲಿ ಹಲಗೆಗೆ ಒಂದು ತಗ್ಗು, ಮೂಲೆಗಳಲ್ಲಿ ಬಾಗು. ಬಟ್ಟೆ ಆ ತಗ್ಗಿಗೆ ಇಳಿಯದೆ ಅದರ ಮೇಲೆ ತಮಟೆಯ ಚರ್ಮದಂತೆ ಬಿಗಿದು ನಿಂತಿತ್ತು. ಬಿಸಿಲಿಗೆ ಅಂಟು ಮೆತ್ತಗಾಗುತ್ತಲೇ ಹಿಡಿತ ಬಿಟ್ಟಿತ್ತು. ಚಿಕ್ಕಮ್ಮ ಬೆರಳಿಂದ ಒತ್ತಿದಳು, ಬಟ್ಟೆ ಒಳಗೆ ಹೋಯಿತು. ಬಿಟ್ಟಳು, ಮತ್ತೆ ಹೊರಗೆ ಬಂತು. ಅವಳು ಹಲಗೆಯನ್ನು ಚಪ್ಪಟೆ ಎಂದು ಅಳೆದಿದ್ದಳು. ಮೈಯ ಉಬ್ಬುತಗ್ಗನ್ನೆಲ್ಲ ಬಲ್ಲ ಕೈ, ಹಲಗೆಗೂ ಮೈಯಿದೆ ಎಂಬುದನ್ನು ಮರೆತಿತ್ತು.

ಅವಳು ಮೆಟ್ಟಿಲ ಮೇಲೆ ಕೂತಳು. ಅಜ್ಜಿ ಒಳಗಿನಿಂದ ಒಂದು ಹಿಡಿ ಹತ್ತಿ ತಂದಳು.

"ದೀಪ ಬಿಚ್ಚಿ ಆ ತಗ್ಗಿಗೆ ಇದನ್ನ ತುಂಬೇ. ಬಟ್ಟೆ ತಗ್ಗಿಗೆ ಹೋಗಲ್ಲ ಅಂದ್ರೆ ತಗ್ಗೇ ಬಟ್ಟೆ ಹತ್ರ ಬರಲಿ. ಆ ಬಿಸಿಲಪ್ಪನಿಗೆ ಏನು ಗೊತ್ತಾಗುತ್ತೆ?"

"ಬೆಟ್ಟ ಎತ್ತು ಅಂತೀಯಲ್ಲಮ್ಮ."

"ಅವಳ ಆಕಾಶ ಇನ್ನೂ ನಿಂತಿದೆ, ಬಿದ್ದಿಲ್ಲವಲ್ಲ."

ಅಜ್ಜಿಯ ಮಾತಿನಲ್ಲಿ ತಮಾಷೆಯಿತ್ತು, ಆದರೆ ಕೈಯಲ್ಲಿದ್ದ ಹತ್ತಿ ತಮಾಷೆಯದಲ್ಲ. ಮಗಳು ಮತ್ತೆ ಜಿಪ್ಪುಗಳ ಮುಂದೆ ಕೂರುವುದನ್ನು ನೋಡಲಾರಳು ಅಜ್ಜಿ. ಹತ್ತಿ ತುಂಬಿದ್ದರೆ ಬಿಸಿಲಲ್ಲೂ ನಿಲ್ಲುತ್ತಿತ್ತು, ನನಗೆ ಅದರಲ್ಲಿ ಅನುಮಾನವಿಲ್ಲ. ಚಿಕ್ಕಮ್ಮ ಹತ್ತಿಯನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಅದರಿಂದ ಮುಖ ಒರೆಸಿಕೊಂಡು ಎದ್ದು, ಹೊಸ ಬಟ್ಟೆಯ ಒಂದು ಮೂಲೆ ಹಿಡಿದು ಪರ್ರನೆ ಕಿತ್ತಳು.

ಬಟ್ಟೆಯಂಗಡಿಯಲ್ಲಿ ಬೂದಿಬಣ್ಣ ಮುಗಿದು ಕಡುನೀಲಿ ಮಾತ್ರ ಉಳಿದಿತ್ತು. ಹಲಗೆ ಮತ್ತೆ ಮೇಜಿಗೇರಿತು. ಚಿಕ್ಕಮ್ಮ ಕತ್ತರಿ ಹಿಡಿದು ನೀಲಿಯ ಮುಂದೆ ನಿಂತಳು, ನಿಂತೇ ಇದ್ದಳು. ಹೆಚ್ಚು ಬಿಡಬೇಕೆಂದು ಅವಳಿಗೆ ಗೊತ್ತು, ಆದರೆ ಕತ್ತರಿ ತನ್ನಷ್ಟಕ್ಕೆ ತಾನೇ ಹಳೆಯ ಅಳತೆಯ ಕಡೆಗೆ ಜಾರುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ತಗೋ, ನೀನು ಕತ್ತರಿಸು. ನಿನ್ನ ಕೈಗೆ ಲೆಕ್ಕಾನೇ ಇಲ್ಲ, ಅದೇ ಬೇಕು ನಂಗೀಗ" ಎಂದಳು.

ಜೀವನದಲ್ಲಿ ಒಂದು ಗೆರೆಯನ್ನೂ ನೆಟ್ಟಗೆ ಕತ್ತರಿಸದ ನಾನು ಎಲ್ಲೋ ನೋಡುತ್ತ, ಏನೋ ನೆನೆಯುತ್ತ, ಸುತ್ತಲೂ ಧಾರಾಳವಾಗಿ ಬಿಟ್ಟು ಕತ್ತರಿಸಿದೆ. ಚಿಕ್ಕಮ್ಮ ಆಚೆ ಮುಖ ಮಾಡಿ ನಿಂತಿದ್ದಳು.

ಆದರೆ ಆಮೇಲಿನ ಕೆಲಸ ಅವಳೊಬ್ಬಳದೇ. ಈ ಸಲ ಅವಳು ಬಟ್ಟೆಯನ್ನು ಎಳೆಯಲಿಲ್ಲ, ಸಡಿಲವಾಗಿ ಹಾಸಿದಳು. ತಗ್ಗಿನ ನಡುವಿಗೆ ಮೊದಲು ಅಂಗೈ ಇಟ್ಟು ಬಟ್ಟೆ ಅಲ್ಲಿ ಕೂರುವವರೆಗೆ ಕಾದಳು. ಅದು ಕೂತ ಮೇಲೇ ಹೆಬ್ಬೆರಳನ್ನು ತಗ್ಗಿನ ಅಂಚಿನ ಏರಿಗೆ ತಂದಳು. ಅವಳ ಕೈ ಹೋದಲ್ಲೆಲ್ಲ ನೀಲಿ ತಾನಾಗಿ ಹಿಂಬಾಲಿಸುತ್ತಿತ್ತು. ಅಜ್ಜಿ ಕಥೆ ಹೇಳುವಾಗ ನಾವು ಅದರ ಹಿಂದೆಯೇ ಹೋಗುತ್ತಿದ್ದೆವಲ್ಲ, ಹಾಗೆ. ಅಂಚು ಮುಟ್ಟಿದಾಗ ನೋಡಿದರೆ ನಾನು ಬಿಟ್ಟಿದ್ದ ಬಟ್ಟೆಯಲ್ಲಿ ಹೆಚ್ಚಿನದನ್ನೆಲ್ಲ ತಗ್ಗುಗಳೇ ತಿಂದುಬಿಟ್ಟಿದ್ದವು. ಮಿಕ್ಕದ್ದು ಮಡಿಚಲು ಸರಿಹೋಯಿತು.

ಭಾನುವಾರ ಬೆಳಿಗ್ಗೆ ಬಿಸಿಲಪ್ಪ ಕಾರನ್ನು ಕಣ್ಣೆತ್ತಿಯೂ ನೋಡಲಿಲ್ಲ, ಅಂಗಡಿಯ ಮುಂದಿನ ಬಯಲಿಗೆ ನಿಲ್ಲಿಸಿ ಎಂದರು. ನಾವು ಬೆಂಚಿನ ಮೇಲೆ ಕೂತೆವು. ನೆರಳು ಸರಿದ ಹಾಗೆಲ್ಲ ಅವರು ಬಂದು ಕಾರನ್ನೂ ಸರಿಸಿ ಬಿಸಿಲಿಗೇ ಬಿಡುತ್ತಿದ್ದರು. ಅಜ್ಜಿ, ಈ ಮನುಷ್ಯ ಹಪ್ಪಳ ಮಾರುವವನಾಗಬೇಕಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದಳು. ಚಿಕ್ಕಮ್ಮ ನಗಲಿಲ್ಲ.

ಇಳಿಹೊತ್ತಿಗೆ ಅವರು ಬಾಗಿಲು ತೆರೆದು ಒಳಗೆ ಕೂತರು. ಕಣ್ಣು ಮುಚ್ಚಿ ಅಂಗೈಯನ್ನು ಚಾವಣಿಯ ಮೇಲೆ ಹರಿಸಿದರು, ಮುಂದಿನಿಂದ ಹಿಂದಕ್ಕೆ, ಮೂಲೆಯಿಂದ ಮೂಲೆಗೆ. ದೀಪದ ತಗ್ಗಿಗೆ ಬಂದಾಗ ಹೆಬ್ಬೆರಳಿಂದ ಒತ್ತಿ ಅಲ್ಲೇ ನಿಲ್ಲಿಸಿದರು. ಹತ್ತಿಯನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅಜ್ಜಿಗೂ ಗೊತ್ತಾಗಿರಬೇಕು, ಸೆರಗಿನ ತುದಿಯನ್ನು ನೋಡುತ್ತ ಕೂತಳು.

"ಇಲ್ಲಿ ಎಲ್ರೂ ಏನಾದ್ರೂ ತುರುಕಿರ್ತಾರೆ" ಎಂದರು ಬಿಸಿಲಪ್ಪ. "ಎಷ್ಟನೇ ಸಲಕ್ಕೆ ಕೂತಿತು?"

"ಎರಡನೇ ಸಲಕ್ಕೆ. ಮೊದಲನೇದು ಬಿಸಿಲಲ್ಲಿ ಬಿತ್ತು, ಕಿತ್ತು ಹಾಕಿದೆ."

ಅವರು ಕಾರಿನಿಂದಿಳಿದು ಅಂಗಡಿಯ ಒಳಗೆ ಹೋದರು. ಏನೋ ಎಳೆದಾಡುವ ಸದ್ದು. ಆಮೇಲೆ ಒಳಗಿನಿಂದಲೇ ಕೂಗಿ ಕೇಳಿದರು. "ನಿಂಗೆ ಬೆಳಕು ಎಡಗಡೆಯಿಂದ ಬರಬೇಕೋ, ಬಲಗಡೆಯಿಂದಲೋ? ಮೆಷಿನ್ನು ಒಂದು ಸಲ ಇಟ್ಟ ಮೇಲೆ ನಾನು ಸರಿಸಲ್ಲ."

"ಎಡಗಡೆ" ಎಂದಳು ಚಿಕ್ಕಮ್ಮ. ಹೇಳುವಾಗಲೇ ಬೆಂಚಿನಿಂದ ಎದ್ದುಬಿಟ್ಟಿದ್ದಳು.

ಮನೆಗೆ ಬರುವಾಗ ಅಜ್ಜಿ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನು ಮತ್ತೆ ಮತ್ತೆ ನೋಡುತ್ತ, ಬೇಕೆಂದೇ ನಿಧಾನವಾಗಿ ಓಡಿಸಿದಳು. ಆ ದರ್ಜಿ ಹೆಂಗಸು ಆಮೇಲೆ ನಾಚಿಕೆಪಟ್ಟು ಆಕಾಶವನ್ನೆಲ್ಲ ಕಿತ್ತು ಹೊಸದಾಗಿ ಹೊಲಿದಳಂತೆ ಎಂದಳು. ಇದನ್ನು ನೀನು ಯಾವತ್ತೂ ಹೇಳಿಲ್ಲವಲ್ಲ, ಹಾಗಾದರೆ ಬೆಟ್ಟಗಳು ಯಾಕಿವೆ ಎಂದು ನಾನು ಬಿಡದೆ ಕೇಳಿದೆ.

"ಅವಾ? ಅವು ಬೇರೆ ಯಾರೋ ಮಾಡಿದ್ದು ಕಣೇ" ಎಂದಳು ಅಜ್ಜಿ.

ಹಿಂದಿನ ಸೀಟಿನಲ್ಲಿದ್ದ ಚಿಕ್ಕಮ್ಮ ನಮ್ಮ ಮಾತನ್ನು ಕೇಳುತ್ತಿರಲಿಲ್ಲ. ಬಗ್ಗಿ, ಸೀಟಿನ ಹಳೆಯ ಹೊಲಿಗೆಯನ್ನು ಉಗುರಿನಿಂದ ಎತ್ತಿ ಎತ್ತಿ ನೋಡುತ್ತಿದ್ದಳು.