ನನ್ನದಲ್ಲದ ಐದನೇ ಅಂಕ

ನಾನು ಒಂದು ಪುಸ್ತಕ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಸೀಟಿನ ಮೇಲೆ ಬಿಟ್ಟು ಇಳಿಯುವಂಥ ಪುಸ್ತಕವಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನೊಳಗಿರುವುದು ನಾನೂರು ವರ್ಷ ಹಳೆಯ ಇಂಗ್ಲಿಷ್ ದುರಂತ ನಾಟಕ. ಐದು ಅಂಕ, ಒಬ್ಬ ಸಂಶಯದ ರಾಜ, ಒಂದು ಬಟ್ಟಲು ವಿಷ. ಅಚ್ಚಾದದ್ದು ಲಂಡನ್ನಿನಲ್ಲಿ. ಜೊತೆಯಲ್ಲೇ ಹುಟ್ಟಿದ ತಮ್ಮನೊಬ್ಬನಿದ್ದಾನೆ, ಅವನು ಹಾಸ್ಯ ನಾಟಕ. ಅವನಲ್ಲಿ ರಾಜನಿಲ್ಲ, ರೊಟ್ಟಿ ಸುಡುವವನೊಬ್ಬನಿದ್ದಾನೆ, ಕೊನೆಗೆ ಅವನ ಮದುವೆ. ಇಬ್ಬರದೂ ಒಂದೇ ಅಳತೆ, ಒಂದೇ ಕಾಗದ, ಒಂದೇ ದಪ್ಪ. ಪುಟದ ನೆತ್ತಿಯ ಮೇಲೆ ನಾಟಕದ ಹೆಸರು ಹಾಕುವ ರೂಢಿ ನಮ್ಮ ಪ್ರಕಾಶಕನಿಗೆ ಇರಲಿಲ್ಲ. ಮುಂದಿನ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಮುಂಬಯಿಯ ಹಳೇ ಪುಸ್ತಕದ ಅಂಗಡಿಯಿಂದ ನಮ್ಮಿಬ್ಬರನ್ನೂ ಧಾರವಾಡಕ್ಕೆ ತಂದವರು ಗುರುಪಾದಪ್ಪ ಹಂಚಿನಾಳ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅವರಿಗೆ ಹಳೆಯ ನಾಟಕಗಳ ಆವೃತ್ತಿಗಳನ್ನು ಕೂಡಿಸುವ ಹುಚ್ಚು. ಒಂದೇ ನಾಟಕದ ಆರು ಆವೃತ್ತಿ ತಂದು, ಒಂದೊಂದನ್ನೂ ಮೂಸಿ ನೋಡಿ ಕಪಾಟಿಗೆ ಇಡುತ್ತಿದ್ದರು.

"ಸೀರಿ ಆರು ಇದ್ರ ಉಡಬಹುದು. ಒಂದ ನಾಟಕಾ ಆರು ಸಲ ಯಾಕ ಬೇಕ್ರೀ?" ಎಂದು ಹೆಂಡತಿ ನೀಲಮ್ಮ ಕೇಳುತ್ತಿದ್ದರು. ಸರ್ ಏಳನೆಯದನ್ನು ಮೂಸುತ್ತಿದ್ದರು.

ಬರುವಾಗಲೇ ನಮ್ಮ ಹೊಲಿಗೆ ಬಿಚ್ಚಿಹೋಗಿತ್ತು. ಸರ್ ಇಬ್ಬರನ್ನೂ ಬೈಂಡಿಂಗ್ ಮಾಡುವ ದಸ್ತಗೀರಸಾಬರಿಗೆ ಕೊಟ್ಟರು. ಸಾಬರ ಸೂಜಿಗೆ ಊರಲ್ಲಿ ಸಾಟಿಯಿರಲಿಲ್ಲ, ಇಂಗ್ಲಿಷ್ ಮಾತ್ರ ಬಾರದು. ಅಂಕಿ ನೋಡಿ ಹೊಲಿಯುತ್ತಿದ್ದರು. ನಮ್ಮಿಬ್ಬರ ಐದನೇ ಅಂಕವೂ ಎಂಬತ್ತೊಂದನೇ ಪುಟದಿಂದಲೇ ಶುರು. ನನ್ನದನ್ನು ತಮ್ಮನಿಗೆ, ತಮ್ಮನದನ್ನು ನನಗೆ ಸೇರಿಸಿ ಸಾಬರು ಗಟ್ಟಿಯಾಗಿ ಹೊಲಿದುಬಿಟ್ಟರು. ನಾನು ಬಾಯಿಲ್ಲದವನು, ಏನು ಹೇಳಲಿ?

ಸರ್ ನನ್ನನ್ನು ಶ್ರದ್ಧೆಯಿಂದ ಓದಿದರು, ಬರೀ ಹಾಸ್ಯವೆಂದು ತಮ್ಮನನ್ನು ತೆರೆಯಲೇ ಇಲ್ಲ. ನಾಲ್ಕನೇ ಅಂಕದಲ್ಲಿ ರಾಜ ವಿಷದ ಬಟ್ಟಲು ಎತ್ತುತ್ತಾನೆ. ಐದನೆಯದರಲ್ಲಿ ರೊಟ್ಟಿಯವನ ಮದುವೆ. ಹೆಸರುಗಳೇ ಬೇರೆ. ಬೇರೆಯವರಾಗಿದ್ದರೆ ಬೈಂಡಿಂಗ್ ತಪ್ಪಿದೆಯೇ ಎಂದು ನೋಡುತ್ತಿದ್ದರು. ನಮ್ಮ ಸರ್ ವಿದ್ವಾಂಸರು. "ರಾಜಾ ವೇಷ ಮರೆಸಿಕೊಂಡಾನ," ಎಂದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದರು. ರೊಟ್ಟಿಯವನ ಮೈಮೇಲಿನ ಹಿಟ್ಟು ಎಂದರೆ ಬೂದಿ, ವೈರಾಗ್ಯದ ಗುರುತು ಎಂದು ಅದರ ಕೆಳಗೆ ಬರೆದರು.

ನನ್ನ ನಾಟಕ ಅಪರೂಪದ್ದು, ಊರಿಗೆಲ್ಲ ಇದ್ದದ್ದು ನಾನೊಬ್ಬನೇ ಪ್ರತಿ, ಕೇಳುವವರು ಯಾರು? ಇಪ್ಪತ್ತೆರಡು ವರ್ಷ ಸರ್ 'ಯಾರೂ ಸಾಯದ ದುರಂತ' ಎಂದು ಪಾಠ ಹೇಳಿದರು. ನಿವೃತ್ತಿಯ ದಿನದ ಉಪನ್ಯಾಸಕ್ಕೂ ಅದೇ ವಿಷಯ ನಿಗದಿಯಾಯಿತು.

ಅದಕ್ಕೆ ನಾಲ್ಕು ದಿನ ಮುಂಚೆ ಅಂಚೆಯಲ್ಲಿ ನನ್ನ ನಾಟಕದ ಇನ್ನೊಂದು ಆವೃತ್ತಿ ಬಂತು. ಸರ್ ಮೂಸಿದರು, ಕೊನೆಯ ಅಂಕ ತೆರೆದರು. ಐದು ಹೆಣ. "ಈ ಸಂಪಾದಕಗ ಬುದ್ಧಿ ಇಲ್ಲ," ಎಂದು ಅದನ್ನು ಮೇಜಿನ ಮೇಲೆ ಕುಕ್ಕಿದರು.

ನಾವಿಬ್ಬರೂ ಒಟ್ಟಿಗೇ ಬೈಂಡಿಂಗಿಗೆ ಹೋದದ್ದು ನೆನಪಿದ್ದ ನೀಲಮ್ಮ ಕಪಾಟಿನಿಂದ ನನ್ನ ತಮ್ಮನನ್ನು ತೆಗೆದು ಕೊನೆಯ ಪುಟ ತೆರೆದರು. "ಇಲ್ಲಿ ನೋಡ್ರಿ. ನಿಮ್ಮ ರಾಜಾ ಇಲ್ಲಿ ಬಂದು ಸತ್ತಾನ."

ಸರ್ ಆ ದಿನ ಊಟ ಮಾಡಲಿಲ್ಲ. ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಇಪ್ಪತ್ತೆರಡು ವರ್ಷದ ಮರ್ಯಾದೆ ಅದು.

ಮರುದಿನ ನಮ್ಮಿಬ್ಬರನ್ನೂ ಚೀಲದಲ್ಲಿ ಹಾಕಿಕೊಂಡು ಸಾಬರ ಅಂಗಡಿಗೆ ಹೋದರು. ಬಿಚ್ಚಿ ಸರಿಯಾಗಿ ಹೊಲಿದರೆ ಸಾಕ್ಷಿಯೇ ಇರುವುದಿಲ್ಲ. ಉಪನ್ಯಾಸಕ್ಕೆ ಬೇರೆ ವಿಷಯ ಹುಡುಕಿದರಾಯಿತು ಎಂಬುದು ಅವರ ಲೆಕ್ಕ. ಮುದುಕರಾಗಿದ್ದ ಸಾಬರು ಸಂಗತಿ ಕೇಳಿ ನನ್ನ ದಾರಕ್ಕೆ ಚಾಕು ಇಟ್ಟರು. ಆದರೆ ಚಾಕು ಮುಂದೆ ಹೋಗಲಿಲ್ಲ.

"ಸರ, ಸಭಾದಾಗ ನನ್ನ ಹೆಸರು ಹೇಳ್ರಿ," ಎಂದರು ಸಾಬರು. "ತಪ್ಪು ನಂದು. ನಿಮ್ಮ ಮರ್ಯಾದಿ ಯಾಕ ಹೋಗಬೇಕು?"

ಸರ್ ಸಾಬರ ಕೈಯಿಂದ ಚಾಕು ತೆಗೆದು ಕೆಳಗಿಟ್ಟರು.

"ಸಾಬ್ರ, ನಿಮಗ ಇಂಗ್ಲಿಷ್ ಬರೂದಿಲ್ಲ. ನನಗ ಬರತದ. ತಪ್ಪು ಯಾರದು?" ಎಂದು ನಮ್ಮನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ನೀವು ಸಭಾಕ್ಕ ಬರ್ರಿ. ಮುಂದಿನ ಸಾಲಿನ್ಯಾಗ ಕೂಡ್ರಿ."

ಸಭೆಯಲ್ಲಿ ಸರ್ ನನ್ನನ್ನು ಎತ್ತಿ ಹಿಡಿದು ಎಲ್ಲವನ್ನೂ ಹೇಳಿದರು, ಬೂದಿಯಾದ ಹಿಟ್ಟಿನ ಸಮೇತ. ಆಗ ಗದಗದಲ್ಲಿ ಅಧ್ಯಾಪಕನಾಗಿದ್ದ ಹಳೆಯ ಶಿಷ್ಯನೊಬ್ಬ ಎದ್ದು ನಿಂತ. "ಸರ, ನಾನೂ ಹದಿನೈದು ವರ್ಷದಿಂದ ಅದನ್ನ ಕಲಿಸಾಕತ್ತೇನಿ. ಈಗೇನ ಮಾಡ್ಲಿ?"

ಮೊದಲು ನಕ್ಕವರು ನೀಲಮ್ಮ. ಆಮೇಲೆ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಸರ್ ಕೂಡ ಕಣ್ಣೊರೆಸಿಕೊಂಡು ನಕ್ಕರು. ದಸ್ತಗೀರಸಾಬರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಸರ್ ಕೆಳಗಿಳಿದು ಬಂದು ತಮ್ಮ ಕೊರಳ ಹಾರವನ್ನು ಅವರಿಗೆ ಹಾಕಿದರು.

ಅಂದು ಮನೆಗೆ ಬಂದು ನನ್ನ ಮೊದಲ ಪುಟದಲ್ಲಿ ಬರೆದರು: "ದಸ್ತಗೀರಸಾಬರ ಆವೃತ್ತಿ. ಜಗತ್ತಿನಲ್ಲಿ ಇದೊಂದೇ ಪ್ರತಿ."

ಈಗ ಸರ್ ಇಲ್ಲ, ಸಾಬರೂ ಇಲ್ಲ. ನಾನು ಕಾಲೇಜಿನ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿದ್ದೇನೆ. ಅಂಚು ಹಳದಿಯಾಗಿದೆ, ಹೊಲಿಗೆ ಮಾತ್ರ ಒಂದೆಳೆಯೂ ಸಡಿಲಾಗಿಲ್ಲ. ನನ್ನ ಜೊತೆ ಅಚ್ಚಾದ ಪ್ರತಿಗಳಲ್ಲೆಲ್ಲ ನನ್ನ ರಾಜ ವಿಷ ಕುಡಿದು ಸಾಯುತ್ತಾನೆ. ಧಾರವಾಡದಲ್ಲಿ ಮಾತ್ರ ಬಟ್ಟಲು ಕೆಳಗಿಟ್ಟು ಮದುವೆಯ ಊಟಕ್ಕೆ ಕೂತಿದ್ದಾನೆ. ನನ್ನ ಸ್ವಂತ ಐದನೇ ಅಂಕ ಪಕ್ಕದಲ್ಲೇ, ತಮ್ಮನ ಹೊಟ್ಟೆಯಲ್ಲಿದೆ. ಒಮ್ಮೊಮ್ಮೆ ನೆನಪಾಗುತ್ತದೆ. ಆದರೆ ವಾಪಸ್ಸು ಕೇಳುವುದಿಲ್ಲ.