ತಿಬ್ರಾ ಅತ್ತೆಯ ಮೇಲ್ದಾರಿ

ತಿಬ್ರಾ ಅತ್ತೆ ಬೀದಿಯಲ್ಲಿ ನಡೆಯುವಾಗ, ಒಂದು ಮನೆ ಮುಗಿದು ಇನ್ನೊಂದು ಮನೆ ಶುರುವಾಗುವಲ್ಲಿ ತಪ್ಪದೆ ಬಲಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಅಲ್ಲಿ ಇಲ್ಲದ ಗೋಡೆಯೊಂದನ್ನು ದಾಟಿ, ಆಮೇಲೆ ಎಡಗಾಲನ್ನೂ ಅದೇ ಗಾಂಭೀರ್ಯದಿಂದ ದಾಟಿಸಿ ಮುಂದೆ ಹೋಗುತ್ತಾಳೆ. ಹೊಸ ಊರಿನದು ನುಣುಪಾದ ಡಾಂಬರು ರಸ್ತೆ. ಎಡವಲು ಒಂದು ಹರಳೂ ಇಲ್ಲ. ಸಮುದ್ರದ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟವರು ಮೊದಮೊದಲು ಇದನ್ನು ಕಂಡು, ಪಾಪ, ಮುದುಕಿಗೆ ಏನೋ ವಾತ ಹಿಡಿದಿದೆ ಎಂದು ಮರುಗುತ್ತಾರೆ. ಓಣಿಯ ಮಕ್ಕಳು ಆಕೆಯ ಬೆನ್ನ ಹಿಂದೆ ಸಾಲುಗಟ್ಟಿ ಅದೇ ರೀತಿ ಕಾಲೆತ್ತಿ ಕಾಲೆತ್ತಿ ನಡೆಯುತ್ತವೆ. ಆಕೆ ಗಕ್ಕನೆ ತಿರುಗಿ ಬೈಯುತ್ತಾಳೆ. ಅಣಕಿಸಿದ್ದಕ್ಕಲ್ಲ, ಸರಿಯಾಗಿ ದಾಟದೆ ಇದ್ದದ್ದಕ್ಕೆ.

"ಲಂಗ ಎತ್ಕೊಂಡು ದಾಟ್ರೇ ಹುಡುಗೀರಾ! ಗೋಡೆಗೆ ಸಿಕ್ಕಿ ಹರ್ಕೊಂಡ್ರೆ ನಿಮ್ಮಮ್ಮಂದಿರು ನನ್ನ ಬೈತಾರೆ. ಹೌದೋ ಅಲ್ವೋ?"

ಮರಳುಗಾಡಿನ ನಡುವಿನ ನಮ್ಮ ಘದಾಮಿಸಿನ ಹಳೆಯ ಊರಿನಲ್ಲಿ ದಾರಿಗಳು ಎರಡು. ನೆಲದ ಮೇಲಿನದು, ಮನೆಗಳ ಹೊಟ್ಟೆಯಡಿಯಲ್ಲಿ ಹಾಯುವ ಕತ್ತಲೆಯ ಓಣಿ, ಗಂಡಸರದು; ಕಡುಬೇಸಿಗೆಯಲ್ಲೂ ತಂಪಾಗಿರುವ ಆ ಕಟ್ಟೆಗಳ ಮೇಲೆ ಕೂತು ಅವರು ಲೋಕದ ವ್ಯವಹಾರವನ್ನೆಲ್ಲ ಇತ್ಯರ್ಥ ಮಾಡುತ್ತಾರೆ. ಮೇಲಿನದು, ಮಾಳಿಗೆಯಿಂದ ಮಾಳಿಗೆಗೆ ಮೋಟುಗೋಡೆ ದಾಟುತ್ತ ಊರಿನ ಈ ತುದಿಯಿಂದ ಆ ತುದಿಗೆ ಹೋಗುವ ಬಿಸಿಲ ದಾರಿ, ನಮ್ಮದು, ಹೆಂಗಸರದು. ನಮ್ಮ ಅಡುಗೆಮನೆ ಅಲ್ಲಿ, ಹರಟೆ ಅಲ್ಲಿ, ಹೆಣ್ಣು ಗೊತ್ತುಮಾಡುವುದೂ ಅಲ್ಲಿಯೇ. ಕೆಳಗಿನವರು ಲೋಕವನ್ನು ಇತ್ಯರ್ಥ ಮಾಡಿ ಮನೆಗೆ ಬರುವಷ್ಟರಲ್ಲಿ ಮನೆಯ ಸಂಗತಿಗಳೆಲ್ಲ ಇತ್ಯರ್ಥವಾಗಿರುತ್ತಿದ್ದವು. ತಿಬ್ರಾ ಅತ್ತೆ ಹುಟ್ಟಿದ ಮನೆಯಲ್ಲೇ, ಚಿಕ್ಕಪ್ಪನ ಮಗನನ್ನು ಮದುವೆಯಾಗಿ, ಅರ್ಧ ಆಯುಷ್ಯವನ್ನು ಆ ಮೇಲ್ದಾರಿಯಲ್ಲಿ ನಡೆದು ಕಳೆದವಳು. ಸರ್ಕಾರದವರು ಪಕ್ಕದಲ್ಲೇ ಸಿಮೆಂಟಿನ ಹೊಸ ಊರು ಕಟ್ಟಿ, ನಲ್ಲಿ ಕೊಟ್ಟು, ವಿದ್ಯುತ್ತು ಕೊಟ್ಟು ಕರೆದಾಗ ಎಲ್ಲರಂತೆ ಆಕೆಯೂ ಗಂಟುಮೂಟೆ ಕಟ್ಟಿಕೊಂಡು ಬಂದಳು. ಕಾಲುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆಕೆಯ ಮೈಮೇಲೆ ಸದಾ ತೀರಿಹೋದ ಗಂಡನ ಕಂದು ಉಣ್ಣೆಯ ಕೋಟು. ಕಸೂತಿಯ ಉಡುಪಿನ ಮೇಲೆ, ಮದುವೆಯಿರಲಿ ಮುಂಜಾವಿನ ಸಂತೆಯಿರಲಿ, ತೋಳುಗಳನ್ನು ದಪ್ಪಗೆ ಮಡಿಚಿ ತೊಟ್ಟ ಆ ಕೋಟಿನ ಎರಡೂ ಜೇಬುಗಳಲ್ಲಿ ಖರ್ಜೂರ ತುಂಬಿರುತ್ತದೆ. ಅದು ಆಕೆಯ ತಿಂಡಿಯಲ್ಲ, ಆಯುಧ. ಎದುರಿನವರು ವಾದಿಸಲು ಬಾಯಿ ತೆರೆದರೆ ಸಾಕು, ಒಂದು ಖರ್ಜೂರ ಆ ಬಾಯಿಯೊಳಗೆ ಬಿದ್ದಿರುತ್ತದೆ. ಅವರು ಅಗಿದು, ನುಂಗಿ, ಬೀಜ ಉಗುಳುವ ಹೊತ್ತಿಗೆ ವಾದ ಆಕೆಯ ಪರವಾಗಿ ತೀರ್ಮಾನವಾಗಿ, ಸಭೆ ಬರಖಾಸ್ತಾಗಿರುತ್ತದೆ. ಮಾತುಮಾತಿಗೆ "ಹೌದೋ ಅಲ್ವೋ?" ಎಂದು ಕೇಳುವುದು ಆಕೆಯ ರೂಢಿ, ಉತ್ತರಕ್ಕೆ ಕಾಯದಿರುವುದು ಅದಕ್ಕಿಂತ ಹಳೆಯ ರೂಢಿ. ನಾನು ಆಕೆಯ ನೆರೆಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಕುಸ್ಕುಸ್ ರವೆಯ ಮೇಲೆ ಸುರಿಯುವ ಸಾರಿಗೆ ಕುಂಬಳ ಮೊದಲೋ ಕಡಲೆ ಮೊದಲೋ ಎಂಬ ಪ್ರಶ್ನೆಯಲ್ಲಿ ಒಂದು ಖರ್ಜೂರ ತಿಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಕಡಲೆಯೇ ಮೊದಲು.

ಖರ್ಜೂರದ ಕೊಯ್ಲು ಮುಗಿದ ಮೇಲೆ ಬರುವ ಹಬ್ಬದ ಮೂರು ದಿನ ನಾವೆಲ್ಲ ಹಳೆಯ ಊರಿಗೆ ಮರಳುತ್ತೇವೆ. ವರ್ಷವಿಡೀ ಮುಚ್ಚಿದ್ದ ಬಾಗಿಲುಗಳು ನರಳುತ್ತ ತೆರೆದುಕೊಳ್ಳುತ್ತವೆ. ಬಿಳಿಗೋಡೆಯ ಮೇಲಿನ ಕೆಂಪು ಚಿತ್ತಾರಕ್ಕೆ ಹೊಸ ಬಣ್ಣ ಬೀಳುತ್ತದೆ. ಹಿತ್ತಾಳೆಯ ಪಾತ್ರೆಗಳು ಹುಳಿ ಹಾಕಿ ತಿಕ್ಕಿಸಿಕೊಂಡು ಗೋಡೆಗೇರುತ್ತವೆ. ಊರಾಚೆಯ ಮರಳಿನಲ್ಲಿ ನೀಲಿ ಮುಸುಕಿನ ಅಲೆಮಾರಿಗಳ ಒಂಟೆಗಳು ಓಡುತ್ತವೆ, ಓಣಿಯ ಚೌಕದಲ್ಲಿ ಡೋಲು, ಕುಣಿತ, ದೂರದೂರದಿಂದ ಬಂದ ನೆಂಟರ ಗದ್ದಲ. ಆ ಮೂರು ದಿನ ತಿಬ್ರಾ ಅತ್ತೆಗೆ ಮಂಡಿನೋವೂ ಇಲ್ಲ, ಮುಪ್ಪೂ ಇಲ್ಲ. ಮಾಳಿಗೆಯ ಮೇಲೆ ಆಕೆಯ ನಡಿಗೆಯನ್ನು ನೋಡಿ ಯಾರೂ ನಗುವುದಿಲ್ಲ. ಅಲ್ಲಿ ಆಕೆ ಕಾಲೆತ್ತಿದಾಗ ಕಾಲಡಿಯಲ್ಲಿ ನಿಜವಾಗಿಯೂ ಗೋಡೆ ಇರುತ್ತದೆ.

ಇಂಥ ಹಬ್ಬದಲ್ಲೇ, ಹೋದ ವರ್ಷ, ಆಕೆ ತನ್ನ ತಮ್ಮ ಮಿಲೂದನ ಮಾನ ಕಳೆದಳು. ನೆಂಟರಿಗೆ ಚಹಾ ಕಾಸುವುದು ನಮ್ಮಲ್ಲಿ ಮನೆಯ ಹಿರಿಯ ಗಂಡಸಿನ ಕೆಲಸ. ಕೆಂಡದ ಮೇಲೆ ತಾಳ್ಮೆಯಿಂದ ಕುದಿಸಿ, ಎತ್ತರದಿಂದ ಸುರಿದು ಸುರಿದು ನೊರೆ ಎಬ್ಬಿಸಿ, ಮೊದಲ ಸುತ್ತು ಕಹಿಯಾಗಿ, ಎರಡನೆಯದು ಸಿಹಿಯಾಗಿ, ಮೂರನೆಯದಕ್ಕೆ ಹುರಿದ ಕಡಲೆಕಾಯಿ ಬೀಜ ಹಾಕಿ ಕೊಡಬೇಕು; ಮೂರಾದ ಮೇಲೆ ಕೆಂಡಕ್ಕೆ ನೀರು. ಮಿಲೂದನಿಗೆ ತನ್ನ ಚಹಾದ ಬಗ್ಗೆ ಇದ್ದ ಅಭಿಮಾನ ಕೆಲವರಿಗೆ ತಮ್ಮ ಕುದುರೆಯ ಬಗ್ಗೆಯೂ ಇರುವುದಿಲ್ಲ. ಅಂದು ಟ್ರಿಪೋಲಿಯ ನೆಂಟರ ಎದುರಿಗೆ ತಿಬ್ರಾ ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು, "ಒಂಟೆ ಕಾಲು ತೊಳೆದ ನೀರಿಗೂ ಇದಕ್ಕಿಂತ ಜಾಸ್ತಿ ನೊರೆ ಬರುತ್ತಪ್ಪ, ಹೌದೋ ಅಲ್ವೋ?" ಎಂದಳು. ನೆಂಟರು ನಕ್ಕರು. ಮಿಲೂದ್ ನಗಲಿಲ್ಲ. ನಾಲ್ಕು ಜನರ ಮುಂದೆ ಅಕ್ಕ ತಪ್ಪಾಯಿತು ಅನ್ನುವವರೆಗೆ ಹಳೆಯ ಊರಿನ ಅಪ್ಪನ ಮನೆಯ ಬಾಗಿಲು ತೆರೆಯುವುದಿಲ್ಲ ಎಂದು ಬೀಗ ಜಡಿದು, ಗೇಣುದ್ದದ ಬೀಗದ ಕೈಯನ್ನು ಒಳಜೇಬಿಗೆ ಇಳಿಸಿದ.

ಹಾಗೆಯೇ ಬಿಟ್ಟಿದ್ದರೆ ಇದು ಇಬ್ಬರು ಮುದುಕರ ಮುನಿಸಾಗಿ ಉಳಿಯುತ್ತಿತ್ತು. ಆದರೆ ಈ ವರ್ಷ ಹಬ್ಬ ಮುಗಿದ ವಾರಕ್ಕೆ ತಿಬ್ರಾ ಅತ್ತೆಯ ಮೊಮ್ಮಗಳು ನುವಾರಾ ಮದುವೆಯಾಗಿ ಸಮುದ್ರದ ದಂಡೆಯ ಊರಿಗೆ ಹೋಗುವವಳಿದ್ದಳು. ಬೀಗ ಬಿದ್ದ ಅಪ್ಪನ ಮನೆಯ ನಡುಕೋಣೆಯಲ್ಲಿ ಪರದೆ ಬಿಟ್ಟ ಒಂದು ಪುಟ್ಟ ಗೂಡು ಇದೆ. ಮನೆಯ ಮದುಮಗಳು ಅಲ್ಲಿ ಕೂತು, ಮನೆಯ ಹಿರಿಯ ಗಂಡಸು ಸುರಿದುಕೊಟ್ಟ ಚಹಾ ಕುಡಿಯಬೇಕು. ಗಂಡ ಸತ್ತ ಹೆಂಗಸೂ ಅದೇ ಗೂಡಿನಲ್ಲಿ ಕೂರುತ್ತಾಳೆ. ತಿಬ್ರಾ ಅತ್ತೆ ಅಲ್ಲಿ ಎರಡು ಸಲವೂ ಕೂತವಳು. ಆಕೆಯ ಒಬ್ಬಳೇ ಮಗಳು, ನುವಾರಾಳ ತಾಯಿ, ಒಮ್ಮೆ ಮಾತ್ರ ಕೂತಿದ್ದಳು, ಮದುಮಗಳಾಗಿ. ಎಳೆಗೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಆಕೆ ಬೇಗ ಲೋಕ ಬಿಟ್ಟು ಹೊರಟುಹೋದಳು. ಆ ಗೂಡಿನಲ್ಲಿ ಕೂರದೆ ನುವಾರಾ ಊರು ಬಿಟ್ಟರೆ ತಾನು ಸಾಕಿದ್ದು ಅರ್ಧವೇ ಆಯಿತು ಎಂದು ಮುದುಕಿಗೆ ಅನ್ನಿಸಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಕೋಟಿನ ಜೇಬಿನಲ್ಲಿ ಖರ್ಜೂರ ತುಂಬುವುದನ್ನು ಮರೆತು ತಿರುಗುತ್ತಿದ್ದುದರಿಂದ ನಮಗೆಲ್ಲ ತಿಳಿಯಿತು.

ನಾನೇ ಸಂಧಾನಕ್ಕೆ ಹೋದೆ. ಮಿಲೂದ್, "ಒಂದು ಮಾತು ಅನ್ಲಿ, ಈಗಲೇ ಕೀಲಿ ಕೊಡ್ತೀನಿ" ಎಂದ. ಅದನ್ನೇ ಬಂದು ಅತ್ತೆಗೆ ಹೇಳಿದೆ.

"ತಪ್ಪಾಯ್ತು ಅನ್ನೋ ಮಾತು ನನ್ನ ನಾಲಗೆ ಮೇಲೆ ನಿಲ್ಲಲ್ಲ ಕಣೇ, ಜಾರಿಬಿಡುತ್ತೆ" ಎಂದಳು ತಿಬ್ರಾ ಅತ್ತೆ. "ಅಲ್ದೆ ನೊರೆ ನಿಜವಾಗ್ಲೂ ಇರ್ಲಿಲ್ಲ."

"ಇರ್ಲಿ ಅತ್ತೆ, ಮಗೂಗೋಸ್ಕರ ಒಂದು ಸುಳ್ಳು..."

ನನ್ನ ಬಾಯಿಗೆ ಖರ್ಜೂರ ಬಿತ್ತು. ಜೇಬು ಮತ್ತೆ ತುಂಬಿದೆ, ಅಂದರೆ ಮುದುಕಿ ಏನೋ ಹೂಡಿದ್ದಾಳೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಕೆಳಗಿನ ಬಾಗಿಲಿಗೆ ಬೀಗ ಹಾಕಿದರೆ ಮನೆಗೇ ಬೀಗ ಬಿತ್ತು ಎಂದು ನಂಬುವ ತಪ್ಪನ್ನು ನಮ್ಮೂರಿನ ಗಂಡಸರು ಮಾತ್ರ ಮಾಡಬಲ್ಲರು. ಮಾಳಿಗೆಗೆ ಗಂಡಸು ಹತ್ತುವಂತಿಲ್ಲ. ಆದ್ದರಿಂದ ಅಲ್ಲಿ ಒಂದು ಬಾಗಿಲಿದೆ ಎಂಬುದು ಅವರ ನೆನಪಿನಲ್ಲೂ ಇರುವುದಿಲ್ಲ, ಮತ್ತು ಯಾರೂ ಕದಿಯಲು ಬಾರದ ಆ ಬಾಗಿಲಿಗೆ ಹುಟ್ಟಿದಂದಿನಿಂದ ಬೀಗವೇ ಇಲ್ಲ. ಹಬ್ಬದ ಮೊದಲ ಬೆಳಗು ತಿಬ್ರಾ ಅತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಿ, ಮಾಳಿಗೆಗೆ ಬಂದು, ಕೋಟಿನ ಗುಂಡಿ ಹಾಕಿಕೊಂಡು, ಲಂಗ ಎತ್ತಿ ಮೋಟುಗೋಡೆ ದಾಟಿದಳು. ಹಿಂದೆ ನಾನು, ನನ್ನ ಹಿಂದೆ ಓಣಿಯ ಹೆಂಗಸರೆಲ್ಲ. ಕನ್ನಡಿಗಳು, ಹಿತ್ತಾಳೆ ಪಾತ್ರೆಗಳು, ದಿಂಬು, ಜಮಖಾನ, ಸುಣ್ಣದ ಬಕೀಟು, ಹಿಟ್ಟಿನ ಚೀಲ, ಎಲ್ಲವೂ ಕೈಯಿಂದ ಕೈಗೆ ಮಾಳಿಗೆಗಳ ಮೇಲೆ ಮೆರವಣಿಗೆ ಹೊರಟವು. ಯಾರೋ ಒಬ್ಬಳು ಡೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಗೋಡೆ ದಾಟುವಾಗ ಕಣ್ಣು ಕಾಣದೆ ಪಕ್ಕದವಳನ್ನು ತಬ್ಬಿಕೊಂಡಳು. ನಗುವಂತಿರಲಿಲ್ಲ, ಕೆಳಗೆ ಕೇಳಿಸುತ್ತದೆ. ಬಾಯಿಗೆ ಸೆರಗು ತುರುಕಿಕೊಂಡು ನಕ್ಕು ನಕ್ಕು ನಮಗೆಲ್ಲ ಹೊಟ್ಟೆ ಹಿಡಿದುಕೊಂಡಿತು. ನಾನು ಹಾಗೆ ನಕ್ಕು ವರ್ಷಗಳಾಗಿದ್ದವು.

ಎರಡು ದಿನ ಪಿಸುಮಾತಿನಲ್ಲೇ ಗೋಡೆ ಬಳಿದೆವು, ಧೂಳು ಹೊಡೆದೆವು, ಕನ್ನಡಿ ತೂಗುಹಾಕಿದೆವು. ಸೂರಿನ ಒಂದೇ ಕಿಂಡಿಯಿಂದ ಇಳಿಯುವ ಬಿಸಿಲು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾರಿ ಕೋಣೆಯನ್ನೆಲ್ಲ ತುಂಬುವ ಹಾಗೆ ಅವುಗಳನ್ನು ಓರೆಮಾಡಿ ನಿಲ್ಲಿಸಿದವಳು ಅತ್ತೆಯೇ. ಮೂರನೆಯ ದಿನ ಮಧ್ಯಾಹ್ನ ನುವಾರಾಳನ್ನು ಸಿಂಗರಿಸಿ ಗೂಡಿನಲ್ಲಿ ಕೂರಿಸಿ ಪರದೆ ಸರಿಸಿದಾಗ ಅತ್ತೆ ನೋಡಿದಳು, ಇನ್ನೊಮ್ಮೆ ನೋಡಿದಳು, ಕೋಟಿನ ತೋಳಿನಿಂದ ಮೂಗೊರೆಸಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿ ಗುಡುಗಿದಳು.

"ಏನ್ರೇ, ಹೆಣ ಕಾಯೋಕೆ ಬಂದಿದೀರಾ? ಗಟ್ಟಿಯಾಗಿ ಬಾರಿಸ್ರೇ! ಓಣಿಲಿ ಕಿವುಡರು ಕೂತಿದಾರೆ."

ಡೋಲು ಬಿತ್ತು. ನಾಲಗೆ ಹೊರಳಿಸಿ ಹಾಕಿದ ನಮ್ಮ ಕೇಕೆಗಳು ಸೂರಿನ ಕಿಂಡಿ ಹಾರಿಸುವಷ್ಟು ಜೋರಾದವು. ಕೆಳಗೆ ಆದದ್ದನ್ನು ನನ್ನ ಗಂಡ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಕಟ್ಟೆಯ ಮೇಲೆ ಕೂತಿದ್ದ ಮಿಲೂದ್ ಸೆಟೆದು, ಜೇಬು ಮುಟ್ಟಿ ನೋಡಿಕೊಂಡನಂತೆ. ಕೀಲಿ ಅಲ್ಲೇ ಇದೆ.

"ನಮ್ಮ ಮನೆ ಒಳಗೆ ಜಿನ್ನುಗಳು ಮದುವೆ ಮಾಡ್ತಿದಾವೆ ಕಣ್ರೋ!"

"ಮಾಡ್ಲಿ ಬಿಡು ಮಾರಾಯ" ಎಂದನಂತೆ ನನ್ನ ಗಂಡ. "ಆದ್ರೆ ಆ ಜಿನ್ನಿಗೆ ನಿಮ್ಮಕ್ಕನ ದನಿ ಹೇಗೆ ಬಂತು?"

ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಟಕ್ ಟಕ್ ಎಂದು ಕೇಳಿಸಿತು. ಮಿಲೂದ್ ಬೀಗದ ಕೈಯಿಂದಲೇ ಬಾಗಿಲು ತಟ್ಟುತ್ತಿದ್ದ. ಹೆಂಗಸರು ನೆರೆದ ಮನೆಗೆ ಒಪ್ಪಿಗೆ ಇಲ್ಲದೆ ಕಾಲಿಡುವ ಗಂಡಸು, ಸ್ವಂತ ಮನೆಯೇ ಆದರೂ, ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಒಳಗಿದ್ದವಳಿಗೆ ತೆರೆಯಲು ಕೀಲಿ ಇರಲಿಲ್ಲ. ಹೊರಗಿದ್ದವನಿಗೆ ಕೀಲಿ ಇತ್ತು, ತೆರೆಯುವ ಹಕ್ಕಿರಲಿಲ್ಲ. ತಿಬ್ರಾ ಅತ್ತೆ ಮೆಟ್ಟಿಲಿಳಿದು ಬಾಗಿಲಿಗೆ ಕಿವಿ ಹಚ್ಚಿದಳು.

"ಯಾರು?"

"ನಾನು, ಮಿಲೂದ್."

"ಯಾವ ಮಿಲೂದ್?"

"ಈ ಮನೆಯವನು ಅಕ್ಕ."

"ಈ ಮನೆಯವನ ಹತ್ರ ಕೀಲಿ ಇದೆ ಅಂತ ಕೇಳಿದ್ದೆ. ತೆಕ್ಕೊಂಡು ಬರಬಾರ್ದಾ?"

"ಹೆಂಗಸರಿರೋ ಕಡೆ ನುಗ್ಗೋಕೆ ನಾನೇನು ಹೋತವಾ? ಒಪ್ಪಿಗೆ ಕೊಡು."

"ನಾನು ಏನೋ ಒಂದು ಮಾತು ಅನ್ಬೇಕು ಅಂತಿದ್ದೆಯಲ್ಲ?"

ಆಚೆ ಕಡೆ ಚಪ್ಪಲಿಯ ಸದ್ದು ಒಂದು ಹೆಜ್ಜೆ ಹಿಂದೆ ಸರಿಯಿತು. ಡೋಲಿನ ಮೇಲಿನ ಕೈಗಳು ತಾವಾಗಿಯೇ ನಿಂತವು. ಗೂಡಿನಲ್ಲಿ ನುವಾರಾ ತಲೆ ತಗ್ಗಿಸಿದಳು. ಆತ ತಿರುಗಿ ಹೋದರೆ ಹುಡುಗಿಯ ಕೈಗೆ ಚಹಾ ಕೊಡುವವರಿಲ್ಲ, ಇಷ್ಟೆಲ್ಲ ಮಾಡಿದ್ದು ಮಣ್ಣುಪಾಲು ಎಂದುಕೊಂಡೆ. ಈ ಮುದುಕಿ ನಾಲಗೆಯ ತೀಟೆಗೆ ಎಲ್ಲ ಕೆಡಿಸಿದಳಲ್ಲ ಎಂದು ಸಿಟ್ಟೂ ಬಂತು. ಆಗ ಹೊರಗಿನಿಂದ ಮಿಲೂದನ ದನಿ, ಈ ಸಲ ಮೆಲ್ಲಗೆ.

"ಮಗು ಕೂತಾಯ್ತಾ?"

"ಕೂತಿದಾಳೆ."

"ಯಾರ ಹಾಗೆ ಕಾಣ್ತಾಳೆ?"

ತಿಬ್ರಾ ಅತ್ತೆ ಹಣೆಯನ್ನು ಬಾಗಿಲಿಗೆ ಆನಿಸಿದಳು. "ಅವಳಮ್ಮನ ಹಾಗೆ ಕಣೋ."

ಆಚೆ ಕಡೆ ಬೀಗದ ಕೈ ಬೀಗಕ್ಕೆ ತಾಗಿದ ಸದ್ದು.

"ಕೆಂಡ ಇದೆಯಾ?"

"ಬೆಳಗ್ಗಿಂದ ನಿನ್ನೇ ಕಾಯ್ತಿದೆ. ಬಾ ಒಳಗೆ."

ಬೀಗ ಕಿರುಗುಟ್ಟಿತು. ಕಿರಿಯ ಹೆಂಗಸರು ಮುಸುಕೆಳೆದುಕೊಂಡು ಮೆಟ್ಟಿಲು ಹತ್ತಿ ಕಿಂಡಿಯ ಸುತ್ತ ಬಗ್ಗಿದರು. ಹಿರಿಯರು ನಾವು ಉಳಿದೆವು. ಮಿಲೂದ್ ಯಾರನ್ನೂ ನೋಡದೆ ಕೆಂಡದ ಮುಂದೆ ಕೂತು, ತೋಳು ಮಡಿಚಿ, ಮೊದಲ ಲೋಟ ನುವಾರಾಳಿಗೆ ಕೊಟ್ಟ. ಅವಳು ಕುಡಿದಳು. ಕಿಂಡಿಯಿಂದ ಕೇಕೆಗಳು ಮಳೆಯ ಹಾಗೆ ಸುರಿದವು. ಅದೇ ಕಹಿ ಸುತ್ತಿನ ಇನ್ನೊಂದು ಲೋಟ ತಿಬ್ರಾ ಅತ್ತೆಗೆ. ಆಕೆ ಹೋದ ವರ್ಷದಂತೆಯೇ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಅನ್ನದೆ ಕುಡಿದಳು. ಸಿಹಿ ಸುತ್ತು ಬಂತು, ಕುಡಿದಳು. ಕಡಲೆಕಾಯಿಯ ಸುತ್ತು ಬಂತು, ಹಲ್ಲಿಲ್ಲದ ಕಡೆ ಹೊರಳಿಸಿ ಹೊರಳಿಸಿ ಅಗಿದಳು. ಮಿಲೂದ್ ಕೆಂಡಕ್ಕೆ ನೀರು ಹಾಕಲು ಚೊಂಬು ಎತ್ತಿದ. ಆಗ ಆಕೆ ಖಾಲಿ ಲೋಟವನ್ನು ಮತ್ತೆ ಮುಂದೆ ಚಾಚಿದಳು.

"ಮೂರಾಯ್ತಲ್ಲ ಅಕ್ಕ?"

"ಆಗ್ಲಿ. ಇನ್ನೊಂದು ಲೋಟ ಕುಡಿಯೋ ಅಂಥ ಚಹಾ ಇದು. ಹೌದೋ ಅಲ್ವೋ?"

ಹೀಗೆಂದು ಸುಮ್ಮನೆ ಕೂತಳು. ನಮಗೆ ಅರ್ಥವಾಗಲು ಕ್ಷಣ ಹಿಡಿಯಿತು. ತಿಬ್ರಾ ಅತ್ತೆ, ಜೀವಮಾನದಲ್ಲಿ ಮೊದಲ ಸಲ, ಉತ್ತರಕ್ಕೆ ಕಾಯುತ್ತಿದ್ದಳು.

"ಹೌದಕ್ಕ" ಎಂದ ಮಿಲೂದ್. ಚೊಂಬು ಕೆಳಗಿಟ್ಟು, ನಮ್ಮೂರಿನಲ್ಲಿ ಇಲ್ಲವೇ ಇಲ್ಲದ ನಾಲ್ಕನೆಯ ಸುತ್ತಿಗೆ ಕೆಂಡ ಊದಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಹೊಗೆ ಎಂದ. ನಾವು ಹೌದೆಂದೆವು.

ಮನ್ನಿಸು ಎನ್ನುವ ಮಾತನ್ನು ಮುಂಬಾಗಿಲಿನಿಂದ ತಂದು ಕೈಗಿಡುವವರು ಲೋಕದಲ್ಲಿ ಬಹಳ ಜನ. ಅವರನ್ನು ಒಳ್ಳೆಯವರು ಎಂದು ಗುರುತಿಸುವುದು ಸುಲಭ. ತಿಬ್ರಾ ಅತ್ತೆಯಂಥವರ ಜಾತಿ ಬೇರೆ. ಅವರಿಗೆ ಆ ಬಾಗಿಲು ಹುಟ್ಟಾ ಮುಚ್ಚಿದೆ, ಎಷ್ಟು ತಟ್ಟಿದರೂ ಒಳಗಿನವರ ಬಳಿ ಕೀಲಿ ಇಲ್ಲ. ಆದರೆ ಅವರ ಅಂತಃಕರಣ ಮೇಲಿನ ದಾರಿ ಹಿಡಿದು, ಮುಪ್ಪಿನ ಮಂಡಿಯಲ್ಲಿ ಒಂದೊಂದೇ ಗೋಡೆ ದಾಟಿ, ಹಿಟ್ಟಿನ ಚೀಲವನ್ನೂ ಕನ್ನಡಿಯನ್ನೂ ಹೊತ್ತು ಬಂದೇ ಬರುತ್ತದೆ. ಅಂಥವರೊಡನೆ ಬಾಳುವವರು ಕೆಳಗಡೆ ಕೂತು ಅದೊಂದು ಮಾತಿಗಾಗಿ ಕಾಯಬಾರದು. ಮಾಳಿಗೆಯ ಬಾಗಿಲಿಗೆ ಬೀಗ ಹಾಕದಿದ್ದರೆ ಸಾಕು.