ನಾಲ್ಕು ಗಂಟೆ ಹತ್ತು ನಿಮಿಷ

ವಿಮಾನದ ಟಿಕೆಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳ ಸಂಸಾರದಲ್ಲಿ ಐದು ಗಂಟೆ ನಾಪತ್ತೆಯಾಯಿತು.

ಮೇಡಂ ಕೈಗಿತ್ತ ಪಟ್ಟಿಯಲ್ಲಿ ಊರುಗಳು, ನಡುವಿನ ದೂರ, ಹಾರಾಟದ ಸಮಯ ಇದ್ದವು. ಗಂಡ ಲಿಫ್ಟ್ ರಿಪೇರಿ ಮಾಡಿಕೊಂಡಿರುವ ಊರನ್ನು ಅವಳು ಹುಡುಕಿದಳು. ಎರಡು ಸಾವಿರದ ಒಂಬೈನೂರು ಕಿಲೋಮೀಟರ್, ನಾಲ್ಕು ಗಂಟೆ ಹತ್ತು ನಿಮಿಷ.

"ಮೇಡಂ, ಇದು ತಪ್ಪಿದೆ. ಒಂಬತ್ತು ಗಂಟೆ ಆಗತ್ತೆ. ನಮ್ಮೆಜಮಾನ್ರು ಹದಿನಾಲ್ಕು ವರ್ಷದಿಂದ ಓಡಾಡ್ತಿದಾರೆ."

"ನೇರ ವಿಮಾನ ಕಣಮ್ಮಾ. ಅಲ್ಲಲ್ಲಿ ನಿಲ್ಸೋಕೆ ಅದೇನು ಬಸ್ಸಾ?"

"ಅಲ್ಲಿ ಗಡಿಯಾರ ಮುಂದಿರತ್ತಂತಲ್ಲ..."

"ಎರಡೂವರೆ ಗಂಟೆ ಮುಂದೆ. ಅದೂ ಲೆಕ್ಕ ಹಾಕು. ಅಲ್ಲಿ ಹನ್ನೊಂದೂವರೆಗೆ ಬಿಟ್ರೆ ಇಲ್ಲಿ ಮಧ್ಯಾಹ್ನ ಒಂದೂ ಹತ್ತಕ್ಕೆಲ್ಲಾ ನೆಲಕ್ಕಿಳಿಯತ್ತೆ."

ಗಂಡ ಮನೆ ಬಾಗಿಲು ತಟ್ಟುತ್ತಿದ್ದುದು ಸಂಜೆ ಏಳಕ್ಕೆ. "ಒಂಬತ್ತು ಗಂಟೆ ಆಕಾಶದಲ್ಲಿ ನೇತಾಡಿ ಬಂದಿದೀನಿ, ತಲೆ ತಿನ್ಬೇಡ" ಎಂದು ಉರುಳಿಕೊಳ್ಳುತ್ತಿದ್ದ. ಇವಳು ಮಕ್ಕಳ ಬಾಯಿ ಮುಚ್ಚಿಸಿ ಆ ಮಹಾರಾಯನ ಕಾಲೊತ್ತುತ್ತಿದ್ದಳು. ವರ್ಷಕ್ಕೆರಡು ಸಲ, ಹದಿನಾಲ್ಕು ವರ್ಷ!

ಇದೇ ಊರಲ್ಲಿ ಇನ್ನೊಬ್ಬಳಿದ್ದಾಳೆ, ಅನುಮಾನವೇ ಬೇಡ. ಅವಳ ಬಣ್ಣ, ಬಳೆ, ಜಡೆಯ ಉದ್ದ ಎಲ್ಲವನ್ನೂ ಇವಳೇ ಕಲ್ಪಿಸಿಕೊಂಡು, ಆ ಜಡೆಗೆ ಕೈ ಹಾಕುವ ದಿನಕ್ಕಾಗಿ ಹಲ್ಲು ಕಚ್ಚಿ ಕಾದಳು.

ಮುಂದಿನ ಸಲ ಅವನು ಬರುವ ದಿನ ರಜೆ ಹಾಕಿ ವಿಮಾನ ನಿಲ್ದಾಣದ ಕಂಬದ ಹಿಂದೆ ನಿಂತಳು. ಒಂದೂ ಮುಕ್ಕಾಲಿಗೆ ಗಂಡ ಹೊರಬಂದ. ಟೀ ಕೊಂಡು ಮೂಲೆಯ ಕುರ್ಚಿಯಲ್ಲಿ ಕೂತು ಶೂ ಬಿಚ್ಚಿದ. ನೆಲ ಒರೆಸುವವನಿಗೆ ಏನೋ ತಮಾಷೆ ಹೇಳಿ ನಕ್ಕ. ಮದುವೆಯಾದ ಹೊಸತರಲ್ಲಿ ನೋಡಿದ್ದ ಆ ನಗುವನ್ನು ಅವಳು ಮರೆತೇಬಿಟ್ಟಿದ್ದಳು. ಮೂರಾಯಿತು, ನಾಲ್ಕಾಯಿತು. ಯಾವಳೂ ಬರಲಿಲ್ಲ.

ತಡೆಯಲಾರದೆ ಎದುರಿಗೆ ಹೋಗಿ ನಿಂತಳು. "ಎಲ್ರೀ ಅವಳು?"

ಅವನ ಮುಖ ಬಿಳಿಚಿಕೊಂಡಿತು. "ಯಾರೂ ಇಲ್ಲ ಕಣೇ. ಸುಮ್ನೆ ಕೂತಿರ್ತೀನಿ."

"ಐದು ಗಂಟೆ?"

"ಅಲ್ಲಿ ಮೇಸ್ತ್ರಿ ಕರೀತಿರ್ತಾನೆ. ಮನೇಲಿ ನೀವು ಕರೀತೀರ. ಇಲ್ಲಿ ಯಾರೂ ಕರೆಯಲ್ಲ."

ಇನ್ನೊಬ್ಬಳಿದ್ದಿದ್ದರೆ ಬೀದಿರಂಪ ಮಾಡಬಹುದಿತ್ತು. ಕುರ್ಚಿಯೊಂದಿಗೆ ಹೇಗೆ ಜಗಳವಾಡುವುದು? ಹಾಸಿಗೆ ಹಿಡಿದ ಅತ್ತೆ, ಮಕ್ಕಳ ಜ್ವರ, ಸೋರುವ ನಲ್ಲಿ, ಎಲ್ಲಕ್ಕೂ ಇವಳೊಬ್ಬಳೇ ಹೆಣಗಿದ್ದಳು. ಇವಳನ್ನು ಕರೆಯದೆ ಯಾರೂ ಐದು ನಿಮಿಷ ಬಿಟ್ಟವರಲ್ಲ. ಅದನ್ನೆಲ್ಲ ಅವನ ಮುಖಕ್ಕೆ ಎರಚಬೇಕೆಂದು ಬಾಯಿ ತೆರೆದಳು. ಅವನು ಬಿಚ್ಚಿಟ್ಟ ಶೂ ಕಣ್ಣಿಗೆ ಬಿತ್ತು. ಚೀಲದಿಂದ ಬೀಗದ ಕೈ ತೆಗೆದು ಅವನ ತೊಡೆಯ ಮೇಲಿಟ್ಟಳು.

"ಏಳಿ. ಶೂ ಹಾಕ್ಕೊಂಡು ಮನೆಗೆ ಹೋಗಿ. ಅತ್ತೆಗೆ ಐದಕ್ಕೆ ಮಾತ್ರೆ ಕೊಡ್ಬೇಕು."

"ನೀನು?"

"ನಾನಿಲ್ಲಿ ಕೂತ್ಕೋತೀನಿ."

ಅವನು ಎರಡು ಸಲ ಹಿಂತಿರುಗಿ ನೋಡುತ್ತಾ ಹೋದ. ಅವಳು ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಕುರ್ಚಿ ನಿಜಕ್ಕೂ ಹಾಯಾಗಿತ್ತು. ಆಗ ಅವಳಿಗೆ ಅಳು ಬಂತು.